ಡಿಗ್ರಿ ಮುಗಿದ ಕೂಡಲೇ ಸಿದ್ದಾಪುರದಲ್ಲಿ ಬೇಸಿಗೆ ಕೆಲಸ: ಹೋಗಲಾ, ಬಿಡಲಾ?

ರಾಜಾಜಿನಗರ_ಬಿಕಾಂ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸ್ವಾಯತ್ತ ಕಾಲೇಜಿನಲ್ಲಿ ಬಿಕಾಂ ಕೊನೇ ಸೆಮಿಸ್ಟರ್‌ನಲ್ಲಿದ್ದೀನಿ. ಏಪ್ರಿಲ್ ಮೂರನೇ ವಾರಕ್ಕೆ ಪರೀಕ್ಷೆ ಮುಗಿಯುತ್ತೆ. ಮುಂದೇನು ಅನ್ನೋದು ಇನ್ನೂ ಗಟ್ಟಿಯಾಗಿಲ್ಲ. ಬ್ಯಾಂಕ್ ಪರೀಕ್ಷೆ ಬರೀಬೇಕು ಅಂತಿದೆ, ಸ್ವಲ್ಪ ಸ್ವಲ್ಪ ಓದ್ತಿದ್ದೀನಿ.

ಈಗ ಒಂದು ಕೆಲಸ ಬಂದಿದೆ. ಸಿದ್ದಾಪುರದಲ್ಲಿ. ಉತ್ತರ ಕನ್ನಡದ ಸಿದ್ದಾಪುರ, ಕೊಡಗಿನದಲ್ಲ. ನಮ್ಮ ಚಿಕ್ಕಪ್ಪನಿಗೆ ಪರಿಚಯದವರೊಬ್ಬರು ಅಲ್ಲಿ ಅಡಿಕೆ ಮಾರಾಟದ ಸಹಕಾರಿ ಸಂಘ ಒಂದರಲ್ಲಿದ್ದಾರೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಸೀಸನ್ನು ಜೋರಿದೆ, ಜೊತೆಗೆ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ಸರಿಮಾಡಿ ಆಡಿಟ್‌ಗೆ ಕೊಡಬೇಕು, ಹಾಗಾಗಿ ಜೂನ್ ಕೊನೆಯವರೆಗೆ ಬಿಕಾಂ ಓದಿದ ಒಬ್ಬರು ಬೇಕು ಅಂದರಂತೆ. ಸಂಬಳ 12 ಸಾವಿರ. ಸಂಘದ ಹಿಂದಿನ ರಸ್ತೆಯಲ್ಲೇ ಒಂದು ಮನೇಲಿ ರೂಮು, ಆ ಮನೆಯವರೇ ಊಟ ಹಾಕ್ತಾರೆ, ಅದಕ್ಕೆ ತಿಂಗಳಿಗೆ 4 ಸಾವಿರ ಕೊಡಬೇಕು.

ನನಗೆ ಒಳಗೊಳಗೇ ಹೋಗಬೇಕು ಅನ್ನಿಸ್ತಿದೆ. ಹುಟ್ಟಿದ್ದು, ಬೆಳೆದಿದ್ದು ಎಲ್ಲಾ ಒಂದೇ ಬಡಾವಣೆಯಲ್ಲಿ. ಅಪ್ಪ "ಹೋಗಿ ಬಾ, ನಾಲ್ಕು ಜನರ ಜೊತೆ ಇದ್ದು ಕಲಿ" ಅಂತಾರೆ. ಅಮ್ಮನಿಗೆ ಸುತಾರಾಂ ಇಷ್ಟ ಇಲ್ಲ. "ಗುರುತಿಲ್ಲದ ಊರಲ್ಲಿ ಒಬ್ಬಳೇ ಹೇಗಿರ್ತೀಯ, ಹುಷಾರು ತಪ್ಪಿದ್ರೆ ಯಾರು ನೋಡ್ತಾರೆ" ಅಂತ ಎರಡು ದಿನದಿಂದ ಅದೇ ಮಾತು. ಕ್ಲಾಸಿನ ಗೆಳತಿಯರು ಇಬ್ಬರು ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಇನ್‌ವಾಯ್ಸ್ ಕೆಲಸಕ್ಕೆ ಸೇರ್ತಿದ್ದಾರೆ, ನನಗೂ ಬಾ ಅಂತಿದ್ದಾರೆ. ಅಲ್ಲಿ ಸಂಬಳ ಜಾಸ್ತಿ, ಆದರೆ ಶಿಫ್ಟು.

ಚಾಲಿ ಅಂದರೇನು ಅನ್ನೋದೂ ನನಗೆ ಗೊತ್ತಿರಲಿಲ್ಲ, ನಿನ್ನೆ ಚಿಕ್ಕಪ್ಪ ಹೇಳಿದ ಮೇಲೆ ತಿಳೀತು. ಇಂಥ ಊರಲ್ಲಿ, ಇಂಥ ಕೆಲಸದಲ್ಲಿ ಎರಡು ತಿಂಗಳು ಕಳೆದರೆ ಮುಂದೆ ಉಪಯೋಗಕ್ಕೆ ಬರುತ್ತಾ? ಸಂಜೆ ಹೊತ್ತು ಓದೋಕೆ ಆಗುತ್ತಾ? ಆ ಕಡೆ ಇದ್ದವರು, ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೀರಿ. ಈ ವಾರದೊಳಗೆ ಉತ್ತರ ಹೇಳಬೇಕು.

ಲೆಡ್ಜರ್_ಲೋಕ

ನೇರವಾಗಿ ಹೇಳ್ತೀನಿ, ನಾನಾಗಿದ್ದರೆ ಹೋಗ್ತಿರಲಿಲ್ಲ.

ಡಿಗ್ರಿ ಮುಗಿದ ಮೊದಲ ಮೂರು ತಿಂಗಳಲ್ಲಿ ಇರುವ ಹುರುಪು ಆಮೇಲೆ ಬರೋದು ಕಷ್ಟ. ಸಿಎ ಯೋಚನೆ ಏನಾದರೂ ಇದ್ದರೆ ಈಗಲೇ ಶುರು ಮಾಡಿ. ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಮಾಡೋ ತರಬೇತಿ, ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಬ್ಯಾಂಕ್ ಪರೀಕ್ಷೆಯೇ ಗುರಿಯಾದರೆ ವಿಜಯನಗರದಲ್ಲಿ ಬೇಕಾದಷ್ಟು ಕೋಚಿಂಗ್ ಇವೆ, ಮನೆಯಿಂದ ಮೆಟ್ರೋದಲ್ಲಿ ಹೋಗಿ ಬರಬಹುದು. ಬ್ಯಾಂಕ್ ಪರೀಕ್ಷೆಗಳಿಗೆ ವೇಗ ಮುಖ್ಯ, ವೇಗ ಬರೋದು ದಿನಾ ಮಾಕ್ ಟೆಸ್ಟ್ ಬರೆದರೆ. ಇಡೀ ದಿನ ಕೆಲಸ ಮಾಡಿ, ನೆಟ್‌ವರ್ಕ್ ಬಂದು ಹೋಗೋ ಊರಲ್ಲಿ ರಾತ್ರಿ ಟೆಸ್ಟ್ ಬರೀತೀನಿ ಅಂದರೆ ಆಗೋ ಮಾತಲ್ಲ.

ದುಡ್ಡಿನ ಲೆಕ್ಕವನ್ನೂ ನೋಡಿ. 12ರಲ್ಲಿ 4 ಊಟ, ರೂಮಿಗೆ. ಓಡಾಟ, ಫೋನು ಕಳೆದರೆ ತಿಂಗಳಿಗೆ ಏಳೂವರೆ ಉಳಿದರೆ ಹೆಚ್ಚು. ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಎಲ್ಲಿ ಕಲಿತರೂ ಟ್ಯಾಲಿಯೇ. ಊರು ನೋಡುವ ಆಸೆ ಇದ್ದರೆ ಒಂದು ವಾರ ಹೋಗಿ ಜೋಗ, ಶಿರಸಿ ನೋಡಿಕೊಂಡು ಬನ್ನಿ.

ರಾಣೆಬೆನ್ನೂರು_ಹುಡುಗಿ

ನಾನು ಬಿಕಾಂ ಮುಗಿಸಿದ ಬೇಸಿಗೆಯಲ್ಲಿ ಸಿದ್ದಾಪುರದಲ್ಲೇ, ಇಂಥದೇ ಒಂದು ಸಂಘದಲ್ಲಿ ಕೆಲಸ ಮಾಡಿದ್ದೆ. ಈಗ ಗ್ರಾಮೀಣ ಬ್ಯಾಂಕಿನಲ್ಲಿದ್ದೀನಿ. ನೀವು ಹೋಗಿ ಅಂತಲೇ ನನ್ನ ಮಾತು. ಆದರೆ ಒಂದು ವಿಷಯ ಮೊದಲೇ ಕೇಳಿ ಗಟ್ಟಿ ಮಾಡಿಕೊಂಡು ಹೋಗಿ. ದಿನದಲ್ಲಿ ಅರ್ಧ ಹೊತ್ತಾದರೂ ಟೆಂಡರ್ ನಡೆಯೋ ಅಂಗಳದಲ್ಲಿ ಅಥವಾ ರೈತರಿಗೆ ಮಾರಾಟದ ಲೆಕ್ಕದ ಚೀಟಿ, ಅಂದರೆ ಪಟ್ಟಿ, ಕೊಡೋ ಕೌಂಟರಿನಲ್ಲಿ ನಿಮ್ಮನ್ನು ಇರೋಕೆ ಬಿಡಬೇಕು. ಒಳಗಿನ ಕೋಣೆಯಲ್ಲಿ ಕೂರಿಸಿ ಬೆಳಿಗ್ಗೆಯಿಂದ ಸಂಜೆವರೆಗೆ ಹಳೇ ವೋಚರ್ ಎಂಟ್ರಿ ಮಾತ್ರ ಮಾಡಿಸ್ತಾರೆ ಅಂದರೆ ಬೇಡ. ಅದನ್ನು ಬೆಂಗಳೂರಲ್ಲೇ ಮಾಡಬಹುದು, ಅಲ್ಲಿಗೆ ಲೆಡ್ಜರ್_ಲೋಕ ಅವರ ಮಾತು ಸರಿ.

ಯಾಕೆ ಹೀಗೆ ಹೇಳ್ತಿದ್ದೀನಿ ಅಂದರೆ, ಅಂಗಳದಲ್ಲಿ ಏನು ನಡೆಯುತ್ತೆ ಅಂತ ಗೊತ್ತಿಲ್ಲದೆ ಆ ಲೆಕ್ಕ ಅರ್ಥವೇ ಆಗಲ್ಲ. ಚಾಲಿ ಅಂದರೆ ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ಸುಮಾರು 40 ದಿನ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿಯೋದು. ಚಳಿಗಾಲದಲ್ಲಿ ಕೊಯ್ದಿದ್ದು ಒಣಗಿ, ಸುಲಿದು, ಆರಿಸಿ ಮುಗಿಯೋ ಹೊತ್ತಿಗೆ ಬೇಸಿಗೆ ಬಂದಿರುತ್ತೆ. ಮಳೆ ಹಿಡಿಯೋದ್ರೊಳಗೆ ಒಂದಿಷ್ಟಾದರೂ ಮಾರಬೇಕು ಅಂತ ರೈತರು ಏಪ್ರಿಲ್, ಮೇನಲ್ಲಿ ಚೀಲ ತರ್ತಾರೆ. ಒಬ್ಬೊಬ್ಬರ ಮಾಲಿಗೂ ಒಂದು ಲಾಟ್ ನಂಬರು. ವ್ಯಾಪಾರಸ್ಥರು ಬಂದು ಕೈಯಲ್ಲಿ ಹಿಡಿದು, ಕುಲುಕಿ, ಕತ್ತರಿಸಿ ನೋಡಿ, ಆ ನಂಬರಿನ ಎದುರು ಕ್ವಿಂಟಲಿಗೆ ಇಷ್ಟು ಅಂತ ದರ ಬರೀತಾರೆ. ಟೆಂಡರ್ ತೆರೆದಾಗ ಯಾರದು ಹೆಚ್ಚೋ ಅವರಿಗೆ. ಆದರೆ ರೈತ ಒಪ್ಪಬೇಕು. ಒಪ್ಪದಿದ್ದರೆ ಮಾಲು ಸಂಘದಲ್ಲೇ ಇರುತ್ತೆ, ಇನ್ನೊಂದು ದಿನದ ಟೆಂಡರಿಗೆ ಇಡಬಹುದು.

ನಾವು ಕಾಲೇಜಿನಲ್ಲಿ ಕನ್ಸೈನ್‌ಮೆಂಟ್ ಅಕೌಂಟ್ಸ್ ಅಂತ ಒಂದು ಪಾಠ ಓದ್ತೀವಲ್ಲ, ಮಾಲು ಒಬ್ಬರದು, ಮಾರಿಕೊಡೋರು ಇನ್ನೊಬ್ಬರು, ಕಮಿಷನ್ ಹಿಡ್ಕೊಂಡು ಅಕೌಂಟ್ ಸೇಲ್ಸ್ ಕಳಿಸೋದು ಅಂತ. ಪರೀಕ್ಷೆಗೆ ಹದಿನಾಲ್ಕು ಮಾರ್ಕಿನ ಲೆಕ್ಕ ಅಂತ ಬಾಯಿಪಾಠ ಮಾಡಿದ್ದೆ. ಸಂಘದ ಕೌಂಟರಿನಲ್ಲಿ ಅದು ನನ್ನ ಕೈಯಲ್ಲೇ ಪ್ರಿಂಟ್ ಆಗಿ ಬರ್ತಿತ್ತು, ಪಟ್ಟಿ ಅನ್ನೋ ಹೆಸರಲ್ಲಿ. ತೂಕ, ದರ, ಹಮಾಲಿ, ಕಮಿಷನ್, ಮೊದಲು ತಗೊಂಡ ಮುಂಗಡ, ಸಾಲಕ್ಕೆ ಜಮಾ, ಕೈಗೆ ಸಿಗೋದು. ಅಷ್ಟೂ ಸಾಲು ಓದಿ ನೋಡದೆ ಕೌಂಟರ್ ಬಿಟ್ಟು ಹೋದ ರೈತರನ್ನು ನಾನು ಕಂಡಿಲ್ಲ.

ಒಬ್ಬ ಹಿರಿಯರ ವಿಷಯ ಹೇಳ್ತೀನಿ. ಅವರ ಲಾಟಿಗೆ ಬಂದ ಹೆಚ್ಚಿನ ದರವೇ ಆ ದಿನದ ಪೇಟೆಗಿಂತ ಸಾಕಷ್ಟು ಕಡಿಮೆ ಇತ್ತು. ಕೋಕಾ ಬೆರೆತಿದೆ, ಅಂದರೆ ಕೆಟ್ಟ ಅಡಿಕೆ ಬೆರೆತಿದೆ ಅಂತ ವ್ಯಾಪಾರಸ್ಥರ ಲೆಕ್ಕ. ಅವರು ದನಿ ಏರಿಸಲಿಲ್ಲ. ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಅಡಿಕೆ ತೆಗೆದರು. ನನ್ನ ಮೇಜಿನ ಮೂಲೆಯಲ್ಲಿದ್ದ ಅಡಕತ್ತರಿ ತಗೊಂಡು ಒಂದೊಂದನ್ನೇ ಎರಡು ಹೋಳು ಮಾಡಿ ಸಾಲಾಗಿ ಜೋಡಿಸಿದರು. ಒಳಗೆ ಬೆಳ್ಳಗೆ, ಅದರಲ್ಲಿ ಕಂದು ಗೆರೆಗಳು, ಕತ್ತರಿಸಿದಾಗ ಟಕ್ಕಂತ ಒಣ ಸದ್ದು. ಎರಡೇ ಎರಡು ಹೋಳು ಕಪ್ಪಾಗಿದ್ದವು. ಆ ಎರಡನ್ನು ಬೆರಳಲ್ಲಿ ಬದಿಗೆ ಸರಿಸಿ, "ಇಷ್ಟಕ್ಕೆ ಅಷ್ಟು ಇಳ್ಸೂದಾ ತಂಗಿ?" ಅಂತ ನನ್ನನ್ನೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಗುಮಾಸ್ತರು "ಒಪ್ಪಿಗೆ ಇಲ್ಲ ಅಂತ ಬರಿ" ಅಂದರು, ಬರೆದೆ.

ಮತ್ತೆ ಯಾವಾಗ ಟೆಂಡರಿಗೆ ಇಡ್ತೀರಿ ಅಂದಿದ್ದಕ್ಕೆ ಅವರು "ಮೈಲುತುತ್ತ ತರೂದ್ರೊಳಗೆ" ಅಂದರು. ಮಳೆ ಶುರುವಾಗೋ ಮೊದಲು ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು, ಮೈಲುತುತ್ತ ಬೇಕು, ಮರ ಹತ್ತೋರಿಗೆ ಕೂಲಿ ಬೇಕು, ಜೂನಿನಲ್ಲಿ ಮೊಮ್ಮಕ್ಕಳ ಶಾಲೆ ಫೀಸು. ಕೆಲವು ದಿನ ಬಿಟ್ಟು ಮಗ, ಸೊಸೆಯನ್ನು ಕರ್ಕೊಂಡು ಬಂದು ಗೋದಾಮಿನ ಪಡಸಾಲೆಯಲ್ಲೇ ಚೀಲ ಸುರಿದು ಇಡೀ ಲಾಟು ಆರಿಸಿದರು. ಕೋಕಾ ಬೇರೆ, ಚಾಲಿ ಬೇರೆ. ಆಮೇಲೆ ಬಂದ ದರ ಒಪ್ಪಿದರು. ಆ ಪಟ್ಟಿಯಲ್ಲಿ ಬೆಳೆಸಾಲಕ್ಕೆ ಜಮಾ ಮಾಡೋ ಸಾಲು ನಾನೇ ಎಂಟ್ರಿ ಮಾಡಿದ್ದು. ಬಡ್ಡಿಯಿಲ್ಲದ ಬೆಳೆಸಾಲ ಅಂತ ಸರ್ಕಾರ ಕೊಡುತ್ತಲ್ಲ, ಅದು ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲದ್ದು. ತಾರೀಖು ತಪ್ಪಿ ಎಂಟ್ರಿಯಾದರೆ ಅವರ ತಲೆ ಮೇಲೆ ಬಡ್ಡಿ ಬೀಳುತ್ತೆ. ಅವತ್ತಿನಿಂದ ದಿನಾಂಕದ ಕಾಲಂ ಎರಡು ಸಲ ನೋಡೋ ಅಭ್ಯಾಸ ಬಂತು, ಇವತ್ತು ಬ್ಯಾಂಕಿನಲ್ಲೂ ಅದೇ ಅಭ್ಯಾಸ.

ವರ್ಷದ ಲೆಕ್ಕದ ಕೆಲಸವೂ ಸಣ್ಣದೇನಲ್ಲ. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಸೆಪ್ಟೆಂಬರ್ 25ರೊಳಗೆ ಮಹಾಸಭೆ ಆಗಬೇಕು, ಅದಕ್ಕೆ ಮುಂಚೆ ಆಡಿಟ್ ಮುಗಿದಿರಬೇಕು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ಅದನ್ನು ಹುಡುಕೋಕೆ ಕೂತುಕೊಳ್ಳಿ, ನೀವೇ ಕೇಳಿ ಕೂತುಕೊಳ್ಳಿ. ಕಾಲೇಜಿನ ಲೆಕ್ಕಗಳು ತಾಳೆಯಾಗೋ ಹಾಗೇ ಮಾಡಿಟ್ಟಿರ್ತಾರೆ. ಇಲ್ಲಿ ಹಾಗಿಲ್ಲ.

ಇನ್ನು ಸಂಜೆ. ಇದನ್ನು ಮುಚ್ಚಿಡೋದು ಸರಿಯಲ್ಲ. ಮೊದಲ ಹದಿನೈದು ದಿನ ನನಗೆ ತುಂಬಾ ಕಷ್ಟವಾಯ್ತು. ಎಂಟು ಗಂಟೆಗೆಲ್ಲ ಪೇಟೆ ಖಾಲಿ. ನಮ್ಮ ಕಡೆ ರಾತ್ರಿ ಹತ್ತಕ್ಕೂ ಮಿರ್ಚಿ, ಮಂಡಕ್ಕಿ ಸಿಗೋ ಊರು. ಜೋಳದ ರೊಟ್ಟಿ, ಖಾರ ತಿಂದು ಬೆಳೆದೋಳಿಗೆ ಅನ್ನ, ತಂಬುಳಿ, ಅಪ್ಪೆಹುಳಿ ಅಂದರೆ ನಾಲಿಗೆಗೆ ಒಗ್ಗಲೇ ಇಲ್ಲ. (ಅಪ್ಪೆಹುಳಿ ಆಮೇಲೆ ಎಷ್ಟು ಇಷ್ಟವಾಯ್ತು ಅಂದರೆ ಈಗಲೂ ಬೇಸಿಗೆಯಲ್ಲಿ ಅಪ್ಪೆಮಿಡಿ ಹುಡುಕ್ತೀನಿ.) ಯಾರ ಜೊತೆ ಮಾತಾಡೋದು ಅನ್ನೋದೇ ದೊಡ್ಡ ಪ್ರಶ್ನೆ. ನನ್ನನ್ನು ಉಳಿಸಿದ್ದು ಆ ಮನೆಯ ಹಲಸಿನ ಹಪ್ಪಳ. ಭಾನುವಾರ ಬೆಳಿಗ್ಗೆ ಸುತ್ತಲಿನ ಮನೆಯ ಹೆಂಗಸರೆಲ್ಲ ಸೇರಿ ಕಾಯಿ ಬಿಡಿಸಿ, ಬೇಯಿಸಿ, ಅರೆದು, ಉಂಡೆ ಮಾಡಿ ಒತ್ತಿ ಚಾಪೆ ಮೇಲೆ ಒಣಗಿಸ್ತಾರೆ. ಹಲಸಿನ ಮೇಣ ಹತ್ತಬಾರದು ಅಂತ ಕೈಗೆ ಎಣ್ಣೆ ಸವರಿಕೊಂಡು ಅವರ ನಡುವೆ ಕೂತ ಮೇಲೆ ನನಗೆ ಊರಲ್ಲಿ ಮಾತಾಡೋಕೆ ಜನ ಇಲ್ಲ ಅನ್ನೋದು ತಪ್ಪಿತು. ನೀವೂ ಕರೆಯೋವರೆಗೆ ಕಾಯಬೇಡಿ, ಹೋಗಿ ಕೂತುಕೊಳ್ಳಿ.

ಓದಿನ ವಿಷಯ: ರಾತ್ರಿ ಓದ್ತೀನಿ ಅಂತ ಇಟ್ಟುಕೊಳ್ಳಬೇಡಿ, ಆಗಲ್ಲ. ಬೆಳಿಗ್ಗೆ ಐದರಿಂದ ಎಂಟು ನಿಮ್ಮದು, ಆಗ ಊರೇ ಎದ್ದಿರುತ್ತೆ, ಸೆಖೆಯೂ ಇರಲ್ಲ. ಮಾಕ್ ಟೆಸ್ಟ್ ಬೆಂಗಳೂರಲ್ಲಿ ಬರೆದಷ್ಟು ಆಗಲ್ಲ, ಅದು ನಿಜ. ಮೇ ಕೊನೆಯಲ್ಲಿ ಗುಡುಗು ಮಳೆ ಬಂದರೆ ಕರೆಂಟು ಹೋಗಿ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ, ಹಾಗಾಗಿ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಮತ್ತೆ ಈ ಅನುಭವದಿಂದ ಪರೀಕ್ಷೆಯಲ್ಲಿ ಮಾರ್ಕು ಸಿಗುತ್ತೆ ಅಂತಲೂ ಅಲ್ಲ. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಸಂದರ್ಶನವೇ ಇಲ್ಲ, ಲಿಖಿತ ಪರೀಕ್ಷೆಯದ್ದೇ ಲೆಕ್ಕ. ಆಫೀಸರ್ ಹುದ್ದೆಗೆ ಸಂದರ್ಶನ ಇದೆ, ಅಲ್ಲಿ ನಿಮಗೆ ಹೇಳೋಕೆ ನಿಜವಾದ ವಿಷಯ ಇರುತ್ತೆ. ಕೆಲಸ ಸಿಕ್ಕ ಮೇಲಂತೂ ಇದು ದಿನಾ ಬೇಕಾಗುತ್ತೆ. ನನ್ನ ಶಾಖೆಗೆ ಬರೋರೆಲ್ಲ ರೈತರೇ.

ರಾಜಾಜಿನಗರ_ಬಿಕಾಂ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾಣೆಬೆನ್ನೂರು ಅಕ್ಕಾ, ನೀವು ಬರೆದಿದ್ದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಹಪ್ಪಳದ ಕಡೆ ಬಂದಾಗ "ಆ ಮನೆ ಹೆಂಗಸಿನ ನಂಬರ್ ಇಸ್ಕೋ, ಮಾತಾಡ್ತೀನಿ" ಅಂದರು. ಅಷ್ಟು ಇಳಿದು ಬಂದಿದ್ದಾರೆ.

ಇನ್ನೆರಡು ಅನುಮಾನ. ಆ ಕಡೆ ಮಂಗನ ಕಾಯಿಲೆ ಇದೆ ಅಂತ ಯಾರೋ ಅಮ್ಮನಿಗೆ ಹೇಳಿದ್ದಾರೆ, ಅದು ಎಷ್ಟು ನಿಜ? ಮತ್ತೆ ಈ ಕೆಲಸಕ್ಕೆ ಸೇರಿದರೆ ಮುಂದೆ ಯುವನಿಧಿ ಕೈತಪ್ಪುತ್ತಾ? ತಿಂಗಳಿಗೆ 3 ಸಾವಿರ ನಮ್ಮನೆಗೆ ಸಣ್ಣ ಮೊತ್ತ ಅಲ್ಲ.

ಘಟ್ಟದ_ಮೇಲಿನವ

ತಂಗೀ, ನಾನು ಸಿದ್ದಾಪುರ ತಾಲೂಕಿನವನೇ, ಅಡಿಕೆ ತೋಟ ಇದೆ. ಮೊದಲು ಕಾಯಿಲೆಯ ವಿಷಯ ಹೇಳ್ತೆ, ನಿಮ್ಮ ಅಮ್ಮ ಕೇಳಿದ್ದು ಸರಿಯೇ ಇದ್ದು.

ಮಂಗನ ಕಾಯಿಲೆ ನಮ್ಮ ತಾಲೂಕಲ್ಲಿ ಇದೆ. 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಲ್ಲಿ, ಆ ಊರಿನ ಹೆಸರೇ ಕಾಯಿಲೆಗೂ ಬಂತು. ಕಾಡಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಸುತ್ತೆಲ್ಲ ಹರಡ್ತದೆ, ಅದು ಕಚ್ಚಿದರೆ ಮನುಷ್ಯರಿಗೆ ಬರ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡೋದಲ್ಲ. ಚಳಿಗಾಲದಿಂದ ಮೇವರೆಗೆ ಹೆಚ್ಚು, ಮಳೆ ಬಿದ್ದ ಮೇಲೆ ಕಡಿಮೆ. ಸಿಕ್ಕಿಬೀಳೋರು ಬೆಟ್ಟಕ್ಕೆ ದರಕು (ಒಣ ಎಲೆ) ತರೋಕೆ, ಸೌದೆಗೆ, ದನ ಮೇಯಿಸೋಕೆ ಹೋಗೋರು. ಪೇಟೆಯಲ್ಲಿ ಇದ್ದು ಸಂಘಕ್ಕೆ ಹೋಗಿ ಬರೋರಿಗೆ ಅಷ್ಟು ಭಯ ಇಲ್ಲ. ಆದರೂ ಮೇ ತಿಂಗಳಲ್ಲಿ ಯಾರಾದರೂ ಕಾಡಿನೊಳಗೆ ಜಲಪಾತ ತೋರಿಸ್ತೆ ಬನ್ನಿ ಅಂದರೆ ಹೋಗಬೇಡಿ. ಹೋಗಲೇಬೇಕಾದ ಪ್ರಸಂಗ ಬಂದರೆ ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಅಂತ ಕೊಡ್ತಾರೆ, ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರು ಮಿಂದು ಬಟ್ಟೆ ನೆನೆಹಾಕಿ. ಜ್ವರ ಬಂದರೆ ಮಾತ್ರೆ ನುಂಗಿ ಮಲಗೋದು ಬೇಡ, ಅದೇ ದಿನ ತಾಲೂಕು ಆಸ್ಪತ್ರೆಗೆ ಹೋಗಿ ಎಲ್ಲಿ ಇದ್ದೀರಿ, ಎಲ್ಲಿ ಓಡಾಡಿದ್ದೀರಿ ಅಂತ ಹೇಳಿ.

ಯುವನಿಧಿ: ಪದವಿ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಅದು. ನಿಮ್ಮ ಫಲಿತಾಂಶವೇ ಇನ್ನೂ ಬಂದಿಲ್ಲ, ಈ ಕೆಲಸ ಜೂನಿಗೆ ಮುಗೀತದೆ. ಅರ್ಜಿ ಹಾಕೋ ಹೊತ್ತಿಗೆ ಕೆಲಸ ಇಲ್ಲದೇ ಇದ್ದರೆ ಇಲ್ಲ ಅಂತ ಬರೀರಿ, ಇದ್ದರೆ ಇದೆ ಅಂತ ಬರೀರಿ. ಅದರ ಸಲುವಾಗಿ ಈಗ ಬಂದ ಕೆಲಸ ಬಿಡೋದು ನನಗಂತೂ ಸರಿ ಕಾಣೋದಿಲ್ಲ.

ಇನ್ನು ಮೇಲೆ ಒಬ್ಬರು "ಟ್ಯಾಲಿ ಎಲ್ಲಿ ಕಲಿತರೂ ಟ್ಯಾಲಿಯೇ" ಅಂತ ಬರೆದಿದ್ದಾರೆ. ಅವರ ಮೇಲೆ ಸಿಟ್ಟಿಲ್ಲ, ಆದರೆ ಒಂದು ಮಾತು ಹೇಳಬೇಕು ಅನ್ನಿಸ್ತದೆ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ನಮ್ಮ ನಾಡಿನ ಮೊದಲ ಸಹಕಾರಿ ಸಂಘ ಶುರುವಾಯ್ತು. ನಮ್ಮ ಕಡೆ ಶಿರಸಿಯಲ್ಲಿ 1923ರಲ್ಲಿ ಅಡಿಕೆ ತೋಟಿಗರು ಸೇರಿ ತಮ್ಮದೇ ಮಾರಾಟ ಸಂಘ ಕಟ್ಟಿಕೊಂಡರು. ಅದಕ್ಕೆ ಮುಂಚೆ ಅಡಿಕೆ ಯಾರದ್ದೋ ವಖಾರಿಗೆ ಹೋಗ್ತಿತ್ತು, ದರ, ತೂಕ ಎರಡೂ ಅವರದ್ದೇ, ಸಾಲವೂ ಅವರದ್ದೇ. ಬೆಳೆದವನ ಹತ್ತಿರ ಒಂದು ಚೀಟಿಯೂ ಇರ್ತಿರಲಿಲ್ಲ ಅಂತ ನಮ್ಮ ಅಜ್ಜ ಹೇಳೋರು. ನಿಮ್ಮ ಕೈಯಿಂದ ಪ್ರಿಂಟ್ ಆಗಿ ಬರೋ ಆ ಪಟ್ಟಿಗೆ ಇಷ್ಟು ಹಿಂದಿನ ಕಥೆ ಇದೆ. ನಾನು ಇವತ್ತಿಗೂ ವರ್ಷದ ಪಟ್ಟಿಯೆಲ್ಲ ತಂತಿಗೆ ಚುಚ್ಚಿ ಇಡ್ತೆ. ಶಿರಸಿ ಸುಪಾರಿ ಅಂತ 2019ರಲ್ಲಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಾಗ ನಮಗೆಲ್ಲ ಆದ ಖುಷಿ ಅಷ್ಟಿಷ್ಟಲ್ಲ. ಪೇಟೆಯಿಂದ ಓದಿದ ಮಕ್ಕಳು ಬಂದು ಈ ಲೆಕ್ಕ ನೋಡಬೇಕು ಅಂತ ನನಗೆ ಮನಸ್ಸಿನಿಂದ ಅನ್ನಿಸ್ತದೆ. ನಮ್ಮ ಮಕ್ಕಳೇ ಎಲ್ಲ ಬೆಂಗಳೂರಿಗೆ ಹೋಗಿದ್ದಾರೆ, ಸಂಘದಲ್ಲಿ ಬೇಸಿಗೆಗೆ ಜನ ಸಿಗದೇ ಇರೋದು ಅದಕ್ಕೇ.

ರಜೆಯ ದಿನ ಭುವನಗಿರಿಗೆ ಹೋಗಿ ಬನ್ನಿ, ಭುವನೇಶ್ವರಿ ದೇವಸ್ಥಾನ, ಮೆಟ್ಟಿಲು ಹತ್ತಿ ಹೋಗಬೇಕು. ಬಿಳಗಿಯ ಗೋಲಬಾವಿ, ರತ್ನತ್ರಯ ಬಸದಿ ನೋಡಿ, ಅಲ್ಲಿಗೆ ಕಾಡು ದಾಟೋದೇನೂ ಬೇಡ. ಜೋಗ ಮಾತ್ರ ಮೇನಲ್ಲಿ ನೋಡೋಕೆ ಏನಿಲ್ಲ, ನೀರೆಲ್ಲ ಲಿಂಗನಮಕ್ಕಿಯಲ್ಲಿ ನಿಂತಿರ್ತದೆ. ಜೂನ್ ಕೊನೆಗೆ ಹೊರಡೋ ಮುಂಚೆ ಒಂದು ದಿನ ಇಟ್ಟುಕೊಳ್ಳಿ.

ಲೆಡ್ಜರ್_ಲೋಕ

ಘಟ್ಟದ ಮೇಲಿನವರೇ, ನಿಮ್ಮ ಮಾತು ಒಪ್ಪಿದೆ, ಪಟ್ಟಿಯ ಹಿಂದಿನ ಕಥೆ ನನಗೆ ಗೊತ್ತಿರಲಿಲ್ಲ. ಆದರೂ ಸಿಎ ಮಾಡೋ ಮನಸ್ಸಿದ್ದರೆ ಕಾಯಬೇಡಿ ಅನ್ನೋ ಅಭಿಪ್ರಾಯ ನನ್ನದು ಹಾಗೇ ಇದೆ. ಆಕೆ ಬರೆದದ್ದು ನೋಡಿದರೆ ಅದು ಅವರ ದಾರಿ ಅಲ್ಲ ಅನ್ನಿಸ್ತಿದೆ.

ಹೋಗೋದೇ ಆದರೆ ಒಂದು ಸಲಹೆ. ಆಡಿಟರ್ ಬಂದು ಕೂತಾಗ ಅವರು ಕೇಳೋ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ದಾಸ್ತಾನಿನ ಬೆಲೆ ಹೇಗೆ ಕಟ್ಟಿದಿರಿ, ರೈತರ ಮಾಲನ್ನೂ ಸಂಘದ ಸ್ವಂತ ಮಾಲನ್ನೂ ಪುಸ್ತಕದಲ್ಲಿ ಹೇಗೆ ಬೇರೆ ಇಟ್ಟಿದ್ದೀರಿ, ಬಾಕಿ ಸಾಲಕ್ಕೆ ಎಷ್ಟು ತೆಗೆದಿಟ್ಟಿದ್ದೀರಿ. ಒಣ ಅಡಿಕೆಗೆ ಶೇಕಡಾ 5 ಜಿಎಸ್‌ಟಿ ಇದೆ, ಮಾಲು ಸಾಗಿಸೋಕೆ ಬೇಕಾದ ಇ-ವೇ ಬಿಲ್ ಯಾರು ಮಾಡ್ತಾರೆ, ಹೇಗೆ ಮಾಡ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ. ಇವೆಲ್ಲ ನನಗೆ ಆರ್ಟಿಕಲ್‌ಶಿಪ್‌ನಲ್ಲಿ ಎರಡನೇ ವರ್ಷಕ್ಕೆ ಸಿಕ್ಕಿದ್ದು.

ರಾಜಾಜಿನಗರ_ಬಿಕಾಂ

ಇವತ್ತು ಸಂಘಕ್ಕೆ ಫೋನ್ ಮಾಡಿದ್ದೆ. ಕೌಂಟರಿನ ವಿಷಯ ಕೇಳಿದೆ. "ಟೆಂಡರ್ ಇರೋ ದಿನ ಬೆಳಿಗ್ಗೆ ಅಂಗಳದಲ್ಲಿರಿ, ಮಧ್ಯಾಹ್ನದ ಮೇಲೆ ಆಡಿಟ್ ಕೆಲಸ" ಅಂದರು. ಹೀಗೆ ಕೇಳಿಕೊಂಡು ಬರೋರು ಕಡಿಮೆ ಅಂತಲೂ ಅಂದರು. ಆ ಮನೆಯ ಅಮ್ಮನ ಜೊತೆ ನಮ್ಮಮ್ಮ ಅರ್ಧ ಗಂಟೆ ಮಾತಾಡಿದರು, ಅವರ ಮಗಳೂ ಬೆಂಗಳೂರಲ್ಲಿ ಪಿಜಿಯಲ್ಲಿದ್ದಾಳಂತೆ. ಅಮ್ಮ ಈಗ ಬೇಡ ಅಂತಿಲ್ಲ, ಆದರೆ ನಾನೇ ಬಂದು ಬಿಟ್ಟು ಬರ್ತೀನಿ ಅಂತಿದ್ದಾರೆ. ಹೇಗೆ ಬರೋದು ಒಳ್ಳೇದು? ಮತ್ತೆ ಏನೇನು ತರಬೇಕು?

ರಾಣೆಬೆನ್ನೂರು_ಹುಡುಗಿ

ತುಂಬಾ ಖುಷಿಯಾಯ್ತು. ಅಮ್ಮನನ್ನು ಖಂಡಿತ ಕರ್ಕೊಂಡು ಹೋಗಿ, ಎರಡು ದಿನ ಅಲ್ಲೇ ಇರಲಿ.

ಮೈಸೂರಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ರಾತ್ರಿ ರೈಲು ಇದೆ. ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿದರೆ ಸಿದ್ದಾಪುರ ಹತ್ತಿರವೇ, ಬಸ್ ಸಿಗುತ್ತೆ. ಏಪ್ರಿಲ್, ಮೇ ರಜೆಯಲ್ಲಿ ಜೋಗಕ್ಕೆ, ಊರಿಗೆ ಹೋಗೋರ ನೂಕುನುಗ್ಗಲು, ಟಿಕೆಟ್ ಈಗಲೇ ಬುಕ್ ಮಾಡಿ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗಿಬ್ಬರಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ದುಡ್ಡಿಲ್ಲ, ಆಧಾರ್ ಕೈಯಲ್ಲಿರಲಿ.

ಹತ್ತಿ ಬಟ್ಟೆ ತನ್ನಿ, ಏಪ್ರಿಲ್‌ನಲ್ಲಿ ಬೆವರು ಇಳಿಯುತ್ತೆ. ಜೂನಿಗೆ ಅದೇ ಬಟ್ಟೆ ಒಣಗಲ್ಲ, ಹಾಗಾಗಿ ಬೇಗ ಒಣಗೋವು ಒಂದೆರಡು ಇರಲಿ. ಕೊಡೆ ಗಟ್ಟಿದು ಬೇಕು, ಮಡಚೋ ಸಣ್ಣ ಕೊಡೆ ಆ ಮಳೆಗೆ ನಿಲ್ಲಲ್ಲ. ಅಲ್ಲೇ ಪೇಟೆಯಲ್ಲಿ ತಗೊಳ್ಳಿ. ಟಾರ್ಚು ಬೇಕೇ ಬೇಕು. ಖಾರ ತಿನ್ನೋರಾದರೆ ಚಟ್ನಿಪುಡಿ.

ಸೇರಿದ ದಿನವೇ ಸಂಘದ ಲೆಟರ್‌ಹೆಡ್‌ನಲ್ಲಿ ಕೆಲಸದ ಪತ್ರ ಇಸ್ಕೊಳ್ಳಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಸಂಬಳ ಎಷ್ಟು ಅಂತ ಬರೆದಿರಲಿ. ಸಂಬಳ ಖಾತೆಗೇ ಹಾಕಲಿ. ಬಿಡೋವಾಗ ಏನೇನು ಕೆಲಸ ಮಾಡಿದ್ದೀರಿ ಅಂತ ವಿವರವಾಗಿ ಬರೆದ ಅನುಭವ ಪತ್ರ ಕೇಳಿ, ಸಹಿ ಮತ್ತೆ ಸೀಲು ಎರಡೂ ಇರಲಿ. ಊರಿಗೆ ಬಂದ ಮೇಲೆ ಫೋನ್ ಮಾಡಿ ತರಿಸಿಕೊಳ್ಳೋಣ ಅಂದುಕೊಂಡರೆ ಅದು ಮುಂದಕ್ಕೆ ಹೋಗ್ತಾನೇ ಇರುತ್ತೆ.